ಲ್ಯಾಡಲ್‌ಗೆ ಒಂದು ಎಲೆ

ಸೆಪ್ಟೆಂಬರ್ 21, ಗುರುವಾರ

ಬಾಗಿಲಿಗೆ ಚಿಲಕ ಹಾಕಿದ್ದೇನೆ. ಎರಡು ಸಲ ಎಳೆದು ನೋಡಿದ್ದೇನೆ. ಇಡೀ ಕಾರ್ಖಾನೆಯಲ್ಲಿ ಒಳಗಿನಿಂದ ಚಿಲಕ ಇರುವುದು ಈ ಪ್ರಥಮ ಚಿಕಿತ್ಸೆಯ ಕೋಣೆಗೆ ಮಾತ್ರ. ಊಟದ ಅರ್ಧ ಗಂಟೆ ಇಲ್ಲಿಗೆ ಯಾರೂ ಬರುವುದಿಲ್ಲ. ಕಬ್ಬಿಣದ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಡಬ್ಬಿ ಇನ್ನೂ ತೆರೆದಿಲ್ಲ.

ಬೆಳಿಗ್ಗೆ ಪ್ರಸನ್ನ ಶೇಠ್ ಕರೆಸಿದ್ದರು. ಹೊಸ ವಿದ್ಯುತ್ ಭಟ್ಟಿ ಬಂದು ಕೂತಿದೆ. ದಸರೆಯ ದಿನ ಅದರಲ್ಲಿ ಮೊದಲ ಕಬ್ಬಿಣ ಕರಗಬೇಕಂತೆ, ಮುಹೂರ್ತ ಗೊತ್ತಾಗಿದೆ. ಇದ್ದಲಿನ ಹಳೇ ಭಟ್ಟಿ ಅದಕ್ಕೂ ಮೂರು ದಿನ ಮುಂಚೆ ಆರುತ್ತದೆ. ಅದರ ಮುಂದೆ ದುಡಿಯುವ ಹದಿನಾಲ್ಕು ಜನರಲ್ಲಿ ಯಾರನ್ನೂ ತೆಗೆಯುವುದಿಲ್ಲ, ಸಂಬಳವೂ ಅಷ್ಟೇ. ಆದರೆ ಕೆಲಸ ಬೇರೆ, ಜಾಗ ಬೇರೆ, ನಿಯಮ ಬೇರೆ.

ಶೇಠ್ ಪುಣೆಯಲ್ಲಿ ಮೂರು ದಿನದ ಶಿಬಿರ ಮುಗಿಸಿ ಬಂದಿದ್ದಾರೆ. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ಒಂದು ದೊಡ್ಡ ಚಿತ್ರ. ಬದಲಾವಣೆ ಬಂದಾಗ ಮನುಷ್ಯನ ಮುಖ ಹೇಗೆ ಹೇಗೆ ಆಗುತ್ತದೆ ಎಂದು ಅದರಲ್ಲಿ ಐದು ಮುಖ ಬರೆದಿದ್ದಾರೆ. ಮೊದಲನೆಯದು ಹೆದರಿದ ಮುಖ, ಕೊನೆಯದು ನಗುವ ಮುಖ.

"ಮಷೀನ್ ನಾ ತಂದೀನಿ ಮ್ಯಾಡಮ್. ಮನಷ್ಯಾರನ್ನ ನೀವು ತರಬೇಕು," ಎಂದರು. "ಸರ್ಜೇರಾವ್ ಒಬ್ಬ ಒಪ್ಪಿದಾ ಅಂದ್ರ ಉಳಿದ ಹದಿಮೂರು ಮಂದಿ ಹಿಂದ ಬರ್ತಾರ. ಅಂವ ಸಹಿ ಮಾಡಬೇಕು. ಅಷ್ಟ ನಿಮ್ಮ ಕೆಲಸ."

ಸಿಬ್ಬಂದಿ ಅಧಿಕಾರಿಯಾಗಿ ನಾನು ಸೇರಿ ಐದು ತಿಂಗಳಾಯಿತು. ಆರನೆಯ ತಿಂಗಳ ಕೊನೆಗೆ ಕಾಯಂ ಮಾಡುತ್ತಾರೋ ಬಿಡುತ್ತಾರೋ ತಿಳಿಯುತ್ತದೆ. ಅದೂ ದಸರೆಯ ಹೊತ್ತಿಗೇ.

ಇಚಲಕರಂಜಿಯ ಗಿರಣಿ ನೆನಪಾಗುತ್ತಿದೆ. ಅಲ್ಲಿ ಹೊಸ ಮಗ್ಗ ಬಂದ ವಾರ ನನ್ನನ್ನೂ ಮ್ಯಾನೇಜರನ್ನೂ ಐದು ಗಂಟೆ ಕೋಣೆಯೊಳಗೆ ಕೂಡಿಹಾಕಿದ್ದರು. ಹೊರಗಿನಿಂದ ಬಾಗಿಲು ಬಡಿಯುವ ಆ ಸದ್ದು ಈಗಲೂ ಹೊಟ್ಟೆಯೊಳಗೇ ಇದೆ. ಅಂದಿನಿಂದ ಚಿಲಕ ನನ್ನ ಕಡೆಗೆ ಇರಬೇಕು.

ಸೆಪ್ಟೆಂಬರ್ 22, ಶುಕ್ರವಾರ

ಹಳೇ ಭಟ್ಟಿಯ ಹತ್ತಿರ ಹೋಗಿ ಬಂದೆ. ಹೋಗಬಾರದಿತ್ತು.

ಸರ್ಜೇರಾವ್ ಖೋತ್ ಅಲ್ಲಿಯ ಮಿಸ್ತ್ರಿ. ಐವತ್ತೇಳು ವಯಸ್ಸು, ಭಟ್ಟಿಯ ಮುಂದೆಯೇ ಮೂವತ್ತೊಂದು ವರ್ಷ. ಎಲ್ಲರೂ ಹಿರಿಯರನ್ನು ಕರೆಯುವಂತೆ ಆಬಾ ಎನ್ನುತ್ತಾರೆ. ಬಲಗಿವಿ ಅರ್ಧ ಕರಗಿ ಕೆನ್ನೆಗೆ ಅಂಟಿದೆ. ಮಾತಾಡುವಾಗ ಎಲ್ಲಿ ನೋಡಬೇಕು ಎಂದು ತಿಳಿಯದೆ ನಾನು ಅವರ ಬೂಟು ನೋಡುತ್ತೇನೆ.

ಕಬ್ಬಿಣ ಬಿಡುವ ಹೊತ್ತಾಗಿತ್ತು. ಭಟ್ಟಿಯ ಕೆಳಗೆ ಲ್ಯಾಡಲ್ ಇಟ್ಟಿದ್ದರು. ಸೇರಿದ ಹೊಸದರಲ್ಲಿ ಲ್ಯಾಡಲ್ ಎಂದರೆ ನಾನು ಅಡುಗೆಮನೆಯ ಸೌಟಿನಂಥದ್ದು ಎಂದುಕೊಂಡಿದ್ದೆ. ಇದು ಒಬ್ಬ ಆಳು ಇಳಿದು ಕೂರುವಂಥ ಕಬ್ಬಿಣದ ಕೊಪ್ಪರಿಗೆ, ಒಳಗೆಲ್ಲ ಗಟ್ಟಿ ಮಣ್ಣಿನ ಲೇಪ. ಬೆಂಕಿ ಹಾಕಿ ಅದನ್ನು ಕಾಯಿಸಿಟ್ಟಿದ್ದರು. ಸರ್ಜೇರಾವ್ ಸೊಂಟದಿಂದ ತಗಡಿನ ಡಬ್ಬಿ ತೆಗೆದು, ಒಂದು ವೀಳ್ಯದೆಲೆಯನ್ನು ಎರಡು ಮಾಡಿ, ಅರ್ಧ ಲ್ಯಾಡಲ್‌ನೊಳಗೆ ಎಸೆದರು. ಭಗ್ ಎಂದು ಹತ್ತಿತು. ಇನ್ನರ್ಧಕ್ಕೆ ಸುಣ್ಣ ಹಚ್ಚಿ, ತಂಬಾಕು ಸೇರಿಸಿ ಬಾಯಿಗಿಟ್ಟುಕೊಂಡರು. ಆಮೇಲೆಯೇ ಕೈ ಎತ್ತಿ, ಬಿಡಿ ಎಂದು ಸನ್ನೆ ಮಾಡಿದ್ದು.

"ಅದಕ್ಕೆ ಎಲೆ ಯಾಕೆ ಹಾಕಿದಿರಿ?" ಎಂದು ಕೇಳಿದೆ.

"ಅದಕ್ಕೂ ಬಾಯಿ ಐತಿ ನೋಡ್ರಿ ಮ್ಯಾಡಮ್. ಬಾಯಿ ಇದ್ದೋರಿಗೆ ಮದ್ಲ ಎಲಿ ಕೊಡಬೇಕು. ಮಾತು ಆಮ್ಯಾಲ."

ಸುತ್ತ ನಿಂತವರೆಲ್ಲ ನಕ್ಕರು. ನನ್ನನ್ನು ನೋಡಿ ನಕ್ಕರೋ, ಮಾತಿಗೆ ನಕ್ಕರೋ ಗೊತ್ತಾಗಲಿಲ್ಲ. ಕೆಂಪು ಕಬ್ಬಿಣ ಬಂತು. ನಾನು ಹಿಂದೆ ಸರಿದು ಸರಿದು ಮರಳಿನ ಗುಡ್ಡೆಗೆ ತಾಗಿ ಕೂತೇಬಿಟ್ಟೆ. ಆಗ ನಕ್ಕದ್ದು ಮಾತ್ರ ಖಂಡಿತ ನನಗೇ.

ಸೆಪ್ಟೆಂಬರ್ 26, ಮಂಗಳವಾರ

ಐದು ಮುಖದ ಚಿತ್ರವನ್ನು ಕ್ಯಾಂಟೀನಿನಲ್ಲಿ ತೂಗುಹಾಕಿಸಿದೆ. ಪ್ರತಿಯೊಬ್ಬರೂ ತಾವು ಯಾವ ಮುಖದಲ್ಲಿದ್ದೇವೆ ಎಂದು ಯೋಚಿಸಲಿ ಎಂದು ಶೇಠರ ಅಪ್ಪಣೆ.

ಚಹಾದ ಹೊತ್ತಿಗೆ ಹೋಗಿ ನೋಡಿದರೆ ಕೋಪದ ಮುಖಕ್ಕೆ ಮೀಸೆ ಬಂದಿದೆ. ನಗುವ ಮುಖದ ಬಾಯಿಗೆ ಬೀಡಿ. ಹೆದರಿದ ಮುಖದ ಕೆಳಗೆ ಸೀಮೆಸುಣ್ಣದಲ್ಲಿ "ಇಂಗವಲೆ ಮ್ಯಾಡಮ್" ಎಂದು ನನ್ನ ಹೆಸರು ಬರೆದಿದ್ದಾರೆ.

ಅಳಿಸಲಿಲ್ಲ. ಅಳಿಸುವಾಗ ಯಾರಾದರೂ ನೋಡಿದರೆ?

ಸೆಪ್ಟೆಂಬರ್ 29, ಶುಕ್ರವಾರ

ನಿನ್ನೆ ಗಣಪತಿಯನ್ನು ನೀರಿಗೆ ಬಿಟ್ಟರು. ಇವತ್ತು ಯಾರಿಗೂ ಗಂಟಲಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಮಾತು. ಕಾರ್ಖಾನೆ ಇಷ್ಟು ಶಾಂತವಾಗಿದ್ದುದನ್ನು ನಾನು ನೋಡಿರಲಿಲ್ಲ. ಅದಕ್ಕೇ ನಿಯಮಾವಳಿ ಬರೆದು ಮುಗಿಸಲು ಆಯಿತು.

ಹನ್ನೆರಡು ನಿಯಮ. ಹೊಸ ಭಟ್ಟಿಯ ಸುತ್ತ ಹಳದಿ ಗೆರೆ ಎಳೆಯಲಾಗುವುದು. ತರಬೇತಾದವರ ಹೊರತು ಯಾರೂ ಗೆರೆ ದಾಟತಕ್ಕದ್ದಲ್ಲ. ಏಳನೆಯದು ಪೂರ್ತಿ ನನ್ನದೇ: ಎಲೆ, ಅಡಿಕೆ, ತಂಬಾಕು ಗೆರೆಯೊಳಗೆ ತರತಕ್ಕದ್ದಲ್ಲ; ಲ್ಯಾಡಲ್‌ನೊಳಗೆ ಯಾವುದೇ ವಸ್ತು ಹಾಕತಕ್ಕದ್ದಲ್ಲ. ಶೇಠ್ ಅದನ್ನು ಓದಿ, "ಇದು ಚೊಲೊ ಬರದೀರಿ. ಆ ಮೂಢನಂಬಿಕಿ ನನಗ ಸಾಕಾಗಿತ್ತು," ಎಂದರು. ಕಟ್ಟುಹಾಕಿಸಿ ಗೋಡೆಗೆ ಹೊಡೆಸಿದ್ದಾರೆ.

ಐದು ತಿಂಗಳಲ್ಲಿ ಮೊದಲ ಸಲ ಹೊಗಳಿದರು. ಬಸ್ಸಿನಲ್ಲಿ ಮನೆ ಬರುವವರೆಗೂ ಆ ಒಂದು ಮಾತನ್ನೇ ಮೆಲುಕು ಹಾಕಿದೆ.

ಅಕ್ಟೋಬರ್ 4, ಬುಧವಾರ

ಸಭೆ. ಹದಿನಾಲ್ಕು ಜನ ಬೆಂಚಿನ ಮೇಲೆ, ನಾನು ಎದುರಿಗೆ ಒಬ್ಬಳೇ. ಹೊಸ ಭಟ್ಟಿ ನಡೆಸಲು ಚಾಕಣದಿಂದ ಬಂದ ನಿಲೇಶ್ ಸುತಾರ ನನ್ನ ಪಕ್ಕ ನಿಲ್ಲಬೇಕಿತ್ತು, ಫೋನು ಬಂತೆಂದು ಹೊರಗೆ ಹೋದವನು ಬರಲೇ ಇಲ್ಲ.

ನಾನು ಅರ್ಧ ಗಂಟೆ ಮಾತಾಡಿದೆ. ಯಾರೂ ತುಟಿ ಎರಡು ಮಾಡಲಿಲ್ಲ. ಬೈದಿದ್ದರೂ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹಿಂದೆ ಯಾರೋ ಕಬ್ಬಿಣದ ಸಲಾಕೆ ಬೀಳಿಸಿದರು. ನಾನು ಕಿರುಚಿದೆ, ಕೈಯಲ್ಲಿದ್ದ ಕಾಗದವೆಲ್ಲ ನೆಲಕ್ಕೆ. ನಗು ಎದ್ದಿತು.

"ನಗತೀರೇನಲೇ," ಎಂದರು ಸರ್ಜೇರಾವ್, ಕೂತಲ್ಲಿಂದಲೇ. "ಹೆದರಿಕಿ ಅಂದ್ರ ನಗೂ ವಸ್ತು ಆತೇನು ನಿಮಗ? ಕಾಗದ ಎತ್ತಿಕೊಡ್ರಿ."

ಎತ್ತಿಕೊಟ್ಟರು. ಇದು ದಯೆಯೋ ಎಚ್ಚರಿಕೆಯೋ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ಇಚಲಕರಂಜಿಯಲ್ಲೂ ಮೊದಲ ದಿನ ನನಗೆ ನೀರು ತಂದುಕೊಟ್ಟಿದ್ದರು.

ಅಕ್ಟೋಬರ್ 7, ಶನಿವಾರ

"ಬುಧವಾರದೊಳಗ ಸಹಿ ಬೇಕು," ಎಂದರು ಶೇಠ್. "ಇಲ್ಲಾಂದ್ರ ಈ ಕೆಲಸಕ್ಕ ಬ್ಯಾರೆ ಯಾರನ್ನಾರ ನೋಡಬೇಕಾಕ್ಕೈತಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರವಿಲ್ಲ. ಹೊರಗೆ ಬಂದು ದಿನ ಎಣಿಸಿದೆ, ನಾಲ್ಕೇ ಇವೆ.

ಅಕ್ಟೋಬರ್ 11, ಬುಧವಾರ

ಸಹಿ ಆಯಿತು.

ಹೇಗಾಯಿತು ಎಂದು ಬರೆಯದಿದ್ದರೆ ಈ ಪುಸ್ತಕ ಇಟ್ಟು ಪ್ರಯೋಜನವಿಲ್ಲ. ಬರೆಯುತ್ತೇನೆ. ಚಿಲಕ ಹಾಕಿದೆ.

ಹನ್ನೊಂದೂವರೆಗೆ ಸರ್ಜೇರಾವ್ ಕೈತೊಳೆಯುತ್ತಿದ್ದ ನಲ್ಲಿಯ ಬಳಿ ಹೋದೆ. ಎರಡು ಪುಟದ ಕಾಗದ. ಒಂದನೇ ಪುಟದಲ್ಲಿ ಮರಳಿನ ವಿಭಾಗದ ತರಬೇತಿಯ ವಿಷಯ. ಎರಡನೇ ಪುಟದಲ್ಲಿ, ಇನ್ನು ಮುಂದೆ ನಾನು ಭಟ್ಟಿಯ ಕೆಲಸದಲ್ಲಿ ಕೈ ಹಾಕುವುದಿಲ್ಲ, ಹಳದಿ ಗೆರೆ ದಾಟುವುದಿಲ್ಲ, ದಾಟಿದರೆ ಕೆಲಸದಿಂದ ತೆಗೆಯಬಹುದು ಎಂದಿದೆ. ನಾನು ಒಂದನೇ ಪುಟ ಮೇಲೆ ಹಿಡಿದು, ಸಹಿ ಮಾಡುವ ಜಾಗ ಮಾತ್ರ ಕಾಣುವಂತೆ ಎರಡನೆಯದನ್ನು ಕೆಳಗಿನಿಂದ ಎಳೆದುಕೊಟ್ಟೆ.

"ಏನಿದು?"

"ತರಬೇತಿಗೆ ಆಬಾ. ಹಾಜರಿ ಇದ್ದಂಗೆ. ಎಲ್ಲರದ್ದೂ ಬೇಕು."

ಆಬಾ ಎಂಬ ಮಾತು ನನ್ನ ಬಾಯಿಂದ ಅದೇ ಮೊದಲು ಬಂದದ್ದು. ಆ ಹೊತ್ತಿಗೇ ಬರಬೇಕಿತ್ತೇ ಅದು.

ಅವರು ನನ್ನ ಮುಖ ನೋಡಿದರು. ಕೈ ನೋಡಿದರು. ಕಾಗದ ತೆಗೆದುಕೊಂಡು, "ಊಟ ಆದ ಮ್ಯಾಲ ಕೊಡ್ತೀನಿ," ಎಂದರು. ಆ ಎರಡು ಗಂಟೆ ನಾನು ಬದುಕಿದ್ದೆನೋ ಸತ್ತಿದ್ದೆನೋ ತಿಳಿಯದು. ಓದಿಯೇ ಓದುತ್ತಾರೆ, ಹದಿಮೂರು ಜನರನ್ನು ಕಟ್ಟಿಕೊಂಡು ಬರುತ್ತಾರೆ, ಬಾಗಿಲು ಬಡಿಯುತ್ತಾರೆ ಎಂದು ಇಲ್ಲೇ ಮಂಚದ ಮೇಲೆ ಕಾಲು ಮಡಚಿ ಕೂತಿದ್ದೆ. ಒಂದೂವರೆಗೆ ಬಾಗಿಲು ತಟ್ಟಿದರು. ಮೆಲ್ಲಗೆ, ಒಂದೇ ಸಲ. ಸಂದಿಯಿಂದ ಕಾಗದ ಕೊಟ್ಟು ಹೋದರು. ಸಹಿ ಇತ್ತು, ಬಿಡಿ ಬಿಡಿ ಅಕ್ಷರದಲ್ಲಿ.

ಅಕ್ಟೋಬರ್ 12, ಗುರುವಾರ

ಉಳಿದ ಹದಿಮೂರು ಸಹಿಯೂ ಬಂದವು. ಶೇಠ್ ಪೇಢೆ ಹಂಚಿಸಿದರು. ತಿಂದೆ. ವಾಂತಿಯಾಯಿತು.

ಅಕ್ಟೋಬರ್ 18, ಬುಧವಾರ

ಇವತ್ತು ಒಂದು ವಿಷಯ ತಿಳಿಯಿತು. ತಿಳಿಯದೇ ಇದ್ದಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆ.

ಹಳೇ ಭಟ್ಟಿ ಆರುವ ಮೊದಲೇ ಸರ್ಜೇರಾವ್‌ರನ್ನು ಮರಳಿನ ವಿಭಾಗಕ್ಕೆ ಹಾಕಿದ್ದಾರೆ, ಈಗ ಅಲ್ಲಿ ಜರಡಿ ಹಿಡಿಯುವವರ ಮೇಲ್ವಿಚಾರಕ. ಕಾಲಿಗೆ ಹತ್ತಿದ ಮರಳು ಕೊಡವುತ್ತಾ ಕೂತಿದ್ದರು. ಸುಮ್ಮನೆ ಹೋಗಬಹುದಿತ್ತು. ಯಾಕೋ ಹತ್ತಿರ ಹೋಗಿ, ಎಲೆಯ ವಿಷಯ ನಿಜ ಹೇಳಿ ಎಂದೆ.

"ಎಲಿ ಭಗ್ ಅಂತ ಹತ್ತಬೇಕು," ಎಂದರು. "ಬಿದ್ದ ಕೂಡಲೇ. ಸುಮ್ನ ಕರ್ರಗಾಗಿ ಮುದುಡಿತು ಅಂದ್ರ ಮಣ್ಣಿನ ಒಳಗ ನೀರು ಉಳದೈತಿ ಅಂತ ಅರ್ಥ. ಮ್ಯಾಲ ಕೈ ಹಿಡದ್ರ ಬಿಸಿನ ಇರತೈತಿ, ಬಣ್ಣಾನೂ ಕೆಂಪನ ಇರತೈತಿ. ತಳ ಹಸಿ ಇರತೈತಿ. ಅದರ ಮ್ಯಾಲ ಕಬ್ಬಿಣ ಸುರದ್ರ ನೀರು ಎಲ್ಲಿ ಹೋಗಬೇಕು? ಕಬ್ಬಿಣಾನ ಎತ್ಕೊಂಡ ಮ್ಯಾಲ ಬರತೈತಿ."

"ಯಾವಾಗಾದರೂ ಆಗಿತ್ತಾ?"

ಅವರು ಆ ಅರ್ಧ ಕಿವಿಯನ್ನು ಮುಟ್ಟಿಕೊಂಡರು. "ನನಗ ಇಷ್ಟ ಆತು. ನನ್ನ ತಮ್ಮ ಮುಂದ ನಿಂತಿದ್ದ. ಒಂದು ಚರಿಗಿ ನೀರು ಸಹಿತ ಇರಲಿಲ್ಲ ಅದರಾಗ. ಆವತ್ತಿನಿಂದ ಎಲಿ."

"ಇದನ್ನು ಯಾರಿಗೂ ಯಾಕೆ ಹೇಳಲಿಲ್ಲ ನೀವು?"

"ಎಲ್ಲಾರ ಮುಂದ ದಿನಾ ಮಾಡ್ತಿದ್ನೆಲ್ಲ. ಇನ್ನ ಹೆಂಗ ಹೇಳಬೇಕು?"

ಏಳನೇ ನಿಯಮ ಗೋಡೆಯ ಮೇಲೆ ಗಾಜಿನ ಕಟ್ಟಿನೊಳಗೆ ಕೂತಿದೆ. ಬರೆದವಳು ನಾನು. ಶೇಠರ ಬಾಗಿಲವರೆಗೆ ಮೂರು ಸಲ ಹೋದೆ. ಒಂದು ಸಲ ಫೋನಿನಲ್ಲಿದ್ದರು, ಒಂದು ಸಲ ನಿಲೇಶ್ ಒಳಗಿದ್ದ. ಮೂರನೇ ಸಲ ಅವರು ಒಬ್ಬರೇ ಇದ್ದರು. ತಲೆ ಎತ್ತಿ, "ಏನ್ ಮ್ಯಾಡಮ್?" ಎಂದರು. "ಏನಿಲ್ಲ ಸರ್" ಎಂದು ಬಂದುಬಿಟ್ಟೆ. ದಸರೆ ಮುಗಿಯಲಿ, ಕಾಯಂ ಪತ್ರ ಕೈಗೆ ಬರಲಿ, ಆಮೇಲೆ ಹೇಳಿದರಾಯಿತು. ನಿಲೇಶನ ಬಳಿ ಕಾಯಿಸುವ ಪಟ್ಟಿ ಇದೆ, ಒಂಬತ್ತು ಹತ್ತು ನಿಮಿಷ ಅಲ್ಲ, ತೊಂಬತ್ತು ನಿಮಿಷ ಬರ್ನರ್ ಇಡಬೇಕು ಎಂದಿದೆ. ಅಷ್ಟು ಹೊತ್ತು ಕಾದರೆ ಯಾವ ನೀರು ಉಳಿಯುತ್ತದೆ?

ಬರೆಯುತ್ತಿರುವಾಗಲೇ ಜರಡಿಯ ಹೆಂಗಸೊಬ್ಬಳು ಹತ್ತಿ ಕೇಳಿಕೊಂಡು ಒಳಗೆ ಬಂದಳು. ಚಿಲಕ ಮರೆತಿದ್ದೆ.

ಅಕ್ಟೋಬರ್ 21, ಶನಿವಾರ

ಹಳೇ ಭಟ್ಟಿ ಆರಿತು. ಹದಿನಾಲ್ಕು ಜನವೂ ಟೋಪಿ ತೆಗೆದು ನಿಂತಿದ್ದರು.

ನೋಡಲಾಗಲಿಲ್ಲ ನನಗೆ. ಶೇಠರಿಗೆ ಒಂದು ಸಲಹೆ ಕೊಟ್ಟೆ. ಸೋಮವಾರ ಖಂಡೇನವಮಿ. ಪ್ರತಿವರ್ಷ ಆ ದಿನ ಹತ್ಯಾರುಗಳ ಜೊತೆ ಹಳೇ ಲ್ಯಾಡಲ್‌ಗೂ ಇವರು ಪೂಜೆ ಮಾಡುತ್ತಿದ್ದರು. ಈ ಸಲ ಹೊಸ ಲ್ಯಾಡಲ್‌ಗೆ ಮಾಡಲಿ, ಅದು ತಮ್ಮದು ಅನ್ನಿಸಲಿ ಎಂದೆ. "ಇದು ನೋಡ್ರಿ, ಇದು ಪುಸ್ತಕದಾಗೂ ಇಲ್ಲ," ಎಂದು ಶೇಠ್ ಮೇಜು ತಟ್ಟಿದರು.

ಕ್ಯಾಂಟೀನಿಗೆ ಹೋಗಿ ನಾನೇ ಹೇಳಿದೆ. ಮೊದಲ ಸಲ ಅವರ ಮುಖಗಳು ಸಡಿಲಾದವು. ಯಾರೋ ನನಗೂ ಭಡಂಗ ಚುರುಮುರಿಯ ಪೊಟ್ಟಣ ಕೊಟ್ಟರು.

ಅಕ್ಟೋಬರ್ 23, ಸೋಮವಾರ

ಮನೆಯಲ್ಲಿ ಬರೆಯುತ್ತಿದ್ದೇನೆ. ದೀಪ ಹಚ್ಚುವ ಹೊತ್ತು. ಆಯಿ ನಾಳೆಯ ಶ್ರೀಖಂಡಕ್ಕೆ ಮೊಸರು ಕಟ್ಟುತ್ತಿದ್ದಾಳೆ. ನನ್ನ ಮುಖ ನೋಡಿ ಎರಡು ಸಲ ಜ್ವರವೇನೇ ಎಂದು ಕೇಳಿದಳು.

ಪೂಜೆ ಚೆನ್ನಾಗಿ ಆಯಿತು. ಬಹಳ ಚೆನ್ನಾಗಿ ಆಯಿತು, ಅದೇ ಸಂಕಟ. ಹೊಸ ಲ್ಯಾಡಲ್‌ಗೆ ಬೇಂದೂರ ಹಬ್ಬದ ಎತ್ತಿಗೆ ಮೈ ತೊಳೆಯುವ ಹಾಗೆ ಕೊಡಗಟ್ಟಲೆ ನೀರು ಸುರಿದು ತೊಳೆದರು. ಹೊರಗೆ ತೊಳೆದರು, ಒಳಗೂ ತೊಳೆದರು. ಅರಿಶಿನ ಬಳಿದರು. ಐದು ಕಾಯಿ ಒಡೆದು ಎಳನೀರನ್ನೂ ಅದರ ಬಾಯಿಗೇ ಬಿಟ್ಟರು. ನಾನು ಆರತಿ ತಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಒಳಗಿನ ಮಣ್ಣು ನೀರನ್ನು ಕುಡಿಯುತ್ತಾ ಹೋಗುವುದು ಕಾಣಿಸುತ್ತಿತ್ತು. ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ಬಸ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ಹಳೇ ಭಟ್ಟಿಯವನೊಬ್ಬ ಇನ್ನೊಬ್ಬನಿಗೆ, "ಹ್ವಾದ ವರ್ಷ ಪೂಜಿ ಆದ ಮ್ಯಾಲ ಆಬಾ ಅದನ್ನ ಮೂರು ದಿನ ಬಿಸಲಿಗೆ ಇಟ್ಟಿದ್ರಲ್ಲ, ಈ ಸರ್ತಿ ನಾಳೇನ ಸುರೀತಾರಂತ," ಎಂದ. ಇನ್ನೊಬ್ಬ, "ಕರೆಂಟಿನ ಭಟ್ಟಿ ಅದು, ನಡೀತೈತಿ," ಎಂದ.

ಪ್ರತಿವರ್ಷ ಪೂಜೆಯಾದ ಮೇಲೆ ಭಟ್ಟಿಗೆ ರಜೆ ಇರುತ್ತಿತ್ತು. ಈ ವರ್ಷ ಪೂಜೆ ಇವತ್ತು, ಮುಹೂರ್ತ ನಾಳೆ ಹತ್ತೂ ನಲವತ್ತಕ್ಕೆ. ಎರಡನ್ನೂ ಜೋಡಿಸಿದವಳು ನಾನೇ.

ನಿಲೇಶನಿಗೆ ಫೋನು ಮಾಡಿದೆ. "ತೊಂಬತ್ತು ನಿಮಿಷ ಇಡ್ತೀನ್ರಿ ಮ್ಯಾಡಮ್, ಪಟ್ಟಿ ಪ್ರಕಾರ. ನೀವು ಆರಾಮ ಮಲಗ್ರಿ," ಎಂದ. ಶೇಠರಿಗೆ ಮಾಡಿದೆ. ಅರ್ಧ ಕೇಳಿ, "ಹಬ್ಬದ ಹಿಂದಿನ ದಿನ ಅಪಶಕುನ ಮಾತಾಡಬ್ಯಾಡ್ರಿ," ಎಂದು ಇಟ್ಟರು.

ನಾಳೆ ಜ್ವರ ಎಂದು ಹೇಳಿ ಮನೆಯಲ್ಲೇ ಉಳಿಯಬಹುದು. ಆಯಿ ಹೇಗೂ ಅದನ್ನೇ ಹೇಳುತ್ತಿದ್ದಾಳೆ.

ಅಕ್ಟೋಬರ್ 24, ಮಂಗಳವಾರ

ಯಾರೂ ಸತ್ತಿಲ್ಲ. ಮೊದಲು ಅದನ್ನು ಬರೆದಿಡುತ್ತೇನೆ.

ಮಧ್ಯಾಹ್ನ ಎರಡು ಗಂಟೆ. ಚಿಕಿತ್ಸೆಯ ಕೋಣೆಯಲ್ಲಿದ್ದೇನೆ. ಅಕ್ಷರ ಇರುವೆ ಸಾಲಿನ ಹಾಗೆ ಹೋಗುತ್ತಿದೆ.

ಬೆಳಿಗ್ಗೆ ಎಲ್ಲರೂ ಹೊಸ ಬಟ್ಟೆಯಲ್ಲಿ ಬಂದಿದ್ದರು. ಹಳದಿ ಗೆರೆಯ ಹೊರಗೆ ಕುರ್ಚಿ ಹಾಕಿ ಶೇಠರ ತಾಯಿಯನ್ನು ಕೂರಿಸಿದ್ದರು, ಅವರ ತೊಡೆಯ ಮೇಲೆ ಆರತಿಯ ತಟ್ಟೆ. ಭಟ್ಟಿಯಲ್ಲಿ ಕಬ್ಬಿಣ ತಯಾರಿತ್ತು. ಹತ್ತೂ ಇಪ್ಪತ್ತಕ್ಕೆ ನಿಲೇಶ್ ಲ್ಯಾಡಲ್ ಮೇಲಿನ ಬರ್ನರ್ ಆರಿಸಿ, ಪಟ್ಟಿಯಲ್ಲಿ ಗುರುತು ಹಾಕಿದ. ಲ್ಯಾಡಲ್‌ನ ಗೋಡೆ ಕೆಂಪಗೆ ಹೊಳೆಯುತ್ತಿತ್ತು. ಶೇಠ್ ಭಾಷಣ ಮಾಡಿದರು. ಇವತ್ತು ನಮ್ಮ ಕಾರ್ಖಾನೆಯ ಸೀಮೋಲ್ಲಂಘನ, ಹಳೇ ಗಡಿ ದಾಟುವ ದಿನ ಎಂದರು. ಚಪ್ಪಾಳೆ.

ಆಮೇಲೆ ದಸರೆಯ ಬಂಗಾರ ಹಂಚಿದರು, ಬನ್ನಿಯ ಬದಲು ಇಲ್ಲಿ ಆಪಟೆ ಗಿಡದ ಎಲೆ. ಸರ್ಜೇರಾವ್ ಬಿಳೀ ಟೋಪಿ ಹಾಕಿಕೊಂಡು, ಆಪಟೆ ಎಲೆಯ ಕಟ್ಟು ಹಿಡಿದು ಒಬ್ಬೊಬ್ಬರಿಗೂ ಕೊಡುತ್ತಾ, ತಬ್ಬಿಕೊಳ್ಳುತ್ತಾ ಬಂದರು. ನನ್ನ ಮುಂದೆ ನಿಂತರು.

"ಬಂಗಾರ ತಗೋ ತಂಗಿ. ಬಂಗಾರದಂಗ ಇರು."

ತೆಗೆದುಕೊಂಡೆ. ಅವರು ಮುಂದೆ ಹೋಗಲಿಲ್ಲ. ತಗ್ಗಿದ ದನಿಯಲ್ಲಿ, "ಅದಕ್ಕ ಯಾರೂ ಎಲಿ ಕೊಡಲಿಲ್ಲ," ಎಂದರು.

"ನೀವು ಹಾಕಿಬಿಡಿ ಆಬಾ. ಬೇಗ."

"ನಾ ಗೆರಿ ದಾಟಂಗಿಲ್ಲ. ಸಹಿ ಮಾಡೀನಲ್ಲ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸಹಿ ಮಾಡಿದ ಮನುಷ್ಯ ಮಾತಿನಂತೆ ಗೆರೆಯ ಹೊರಗೆ ನಿಂತಿದ್ದ, ಅಷ್ಟೇ.

ಹತ್ತೂ ಮೂವತ್ತೆಂಟು. ನಿಲೇಶ್ ಭಟ್ಟಿ ಬಾಗಿಸುವ ಹಿಡಿಕೆಗೆ ಕೈ ಹಾಕಿದ. ನನ್ನ ಕಾಲು ಹೇಗೆ ಎದ್ದಿತು ತಿಳಿಯದು. ಗೆರೆ ದಾಟಿ, ನಾಲ್ಕು ಹೆಜ್ಜೆ ಓಡಿ, ಲ್ಯಾಡಲ್‌ನ ಅಂಚಿಗೆ ಬಗ್ಗಿ ಕೈಯಲ್ಲಿದ್ದ ಬಂಗಾರದ ಎಲೆ ಬಿಟ್ಟೆ. ಮುಖ ಸುಟ್ಟ ಹಾಗಾಯಿತು. ಎಲೆ ತಳಕ್ಕೆ ಬಿತ್ತು. ಭಗ್ ಎನ್ನಲಿಲ್ಲ. ಕಪ್ಪಾಯಿತು, ಮುದುಡಿತು, ಅಲ್ಲೇ ಅಂಟಿ ಕೂತಿತು.

"ನಿಲ್ಲಿಸು ನಿಲೇಶ್."

"ಮ್ಯಾಡಮ್, ಹೊರಗ ಬರ್ರಿ," ಎಂದರು ಶೇಠ್.

"ತಳದಲ್ಲಿ ನೀರಿದೆ ಸರ್."

"ತೊಂಬತ್ತು ನಿಮಿಷ ಕಾಸೇವಿ. ಮುಹೂರ್ತ ತಪ್ಪತೈತಿ. ಹೊರಗ ಬರ್ರಿ ಅಂದೆ."

"ಬರೋದಿಲ್ಲ."

ಇದನ್ನು ನಾನು ಹೇಳಿದೆನೇ? ಹೇಳಿದೆ, ಎಲ್ಲರೂ ಕೇಳಿಸಿಕೊಂಡಿದ್ದಾರೆ. ಹಲ್ಲು ಕಟಕಟ ಎನ್ನುತ್ತಿತ್ತು, ಸೀರೆಯ ಅಂಚು ಬೂಟಿನ ಕೆಳಗೆ ಸಿಕ್ಕಿಕೊಂಡಿತ್ತು, ಅಳುತ್ತಲೂ ಇದ್ದೆ. ಆದರೆ ಲ್ಯಾಡಲ್ ಬಿಟ್ಟು ಸರಿಯಲಿಲ್ಲ. ನಾನು ಅಲ್ಲಿ ನಿಂತಿರುವವರೆಗೆ ನಿಲೇಶ್ ಭಟ್ಟಿ ಬಾಗಿಸುವಂತಿರಲಿಲ್ಲ. ಶೇಠರ ಮುಖ ಕೆಂಪೇರಿತು. ಕೊನೆಗೆ ಶೇಠರ ತಾಯಿ, "ಪ್ರಸನ್ನಾ, ಅಕಿ ಅಷ್ಟ ಹೆದರ್‍ಯಾಳಂದ್ರ ಏನರ ಇದ್ದೀತು. ಇನ್ನೊಮ್ಮಿ ಕಾಸ್ರಿ. ನನ್ನ ಕುರ್ಚಿ ಅಷ್ಟ ಹಿಂದ ಹಾಕ್ರಿ," ಎಂದರು.

ನಿಲೇಶ್ ಬರ್ನರ್ ತಿರುಗಿ ಹಚ್ಚಿದ. ಈ ಸಲ ಸರ್ಜೇರಾವ್ ಹೊರಗಿನಿಂದಲೇ, ಇನ್ನೂ ಕೆಳಗ ಇಳಸು, ತಳಕ್ಕ ತಾಗಲಿ ಎಂದು ಹೇಳುತ್ತಾ ಹೋದರು. ಅರ್ಧ ಗಂಟೆ ಏನೂ ಆಗಲಿಲ್ಲ. ಶೇಠ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಮೇಲೆ ಮಣ್ಣಿನ ಲೇಪದ ಹೊರಗೆ, ಆವಿ ಹೋಗಲೆಂದು ಲ್ಯಾಡಲ್‌ನ ತಳದ ಕಬ್ಬಿಣದಲ್ಲಿ ಬಿಟ್ಟ ಸಣ್ಣ ತೂತುಗಳಿಂದ ಸುಯ್ ಎಂದು ಬಿಳೀ ಆವಿ ಹೊರಟಿತು. ಹೊರಟದ್ದು ನಿಲ್ಲಲೇ ಇಲ್ಲ. ಒಂದು ಕೊಡ ನೀರು ಕುದಿಯುವಷ್ಟು ಹೊತ್ತು ಬಂತು. ಕೆಳಗೆ ಸಿಮೆಂಟಿನ ಮೇಲೆ ಅರಿಶಿನದ ಹನಿ ತೊಟ್ಟಿಕ್ಕಿತು.

ನಿಲೇಶ್ ಅದನ್ನು ನೋಡುತ್ತಾ ನೋಡುತ್ತಾ ನೆಲದ ಮೇಲೆ ಕೂತುಬಿಟ್ಟ. ಸುರಿದಿದ್ದರೆ ಎಲ್ಲರಿಗಿಂತ ಹತ್ತಿರ ಇರುತ್ತಿದ್ದವನು ಅವನೇ.

ಹನ್ನೆರಡೂ ಐವತ್ತಕ್ಕೆ ಇನ್ನೊಂದು ಎಲೆ ಬಿಟ್ಟೆ. ಭಗ್. ಕಬ್ಬಿಣ ಸುರಿದರು. ಹಾಲು ಹೊಯ್ದ ಹಾಗೆ ಇಳಿಯಿತು, ಒಂದು ಕಿಡಿ ಹಾರಲಿಲ್ಲ.

ಬರುವಾಗ ಕ್ಯಾಂಟೀನಿನಲ್ಲಿ ನೋಡಿದೆ. ಹೆದರಿದ ಮುಖದ ಕೆಳಗೆ ನನ್ನ ಹೆಸರಿನ ಪಕ್ಕ "ಶೇಠ್" ಎಂದೂ ಬರೆದಿದ್ದಾರೆ. ಸೀಮೆಸುಣ್ಣದ ಪುಡಿ ಇನ್ನೂ ಉದುರುತ್ತಿತ್ತು.

ಅಕ್ಟೋಬರ್ 25, ಬುಧವಾರ

ಫೈಲಿನಿಂದ ಆ ಎರಡು ಪುಟ ತೆಗೆದುಕೊಂಡು ಮರಳಿನ ವಿಭಾಗಕ್ಕೆ ಹೋದೆ. ನಿನ್ನೆಗಿಂತ ಇವತ್ತೇ ಹೆಚ್ಚು ಹೆದರಿಕೆಯಾಗಿತ್ತು. ನಿನ್ನೆ ಯೋಚಿಸಲು ಹೊತ್ತಿರಲಿಲ್ಲ.

"ಆಬಾ, ಈ ಕಾಗದ ತರಬೇತಿಯದ್ದು ಅಂತ ಹೇಳಿದ್ದೆನಲ್ಲ. ಸುಳ್ಳು ಹೇಳಿದ್ದೆ."

"ಗೊತ್ತೈತಿ," ಎಂದರು. ಜರಡಿಯಿಂದ ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದರು. "ಊಟದಾಗ ಓದಿದ್ನಿ. ನಿಧಾನಕ ಓದ್ತೀನಿ, ಆದ್ರ ಓದ್ತೀನಿ. ಎರಡೂ ಪುಟ ಓದಿದ್ನಿ."

"ಮತ್ತೆ ಸಹಿ ಯಾಕೆ ಮಾಡಿದಿರಿ?" ಎಂದೆ.

"ನಿನ್ನ ಕೈ ನಡಗತಿತ್ತು. ಮಾಡಲಿಲ್ಲಂದ್ರ ನಿನ್ನ ತಗದು ಶೇಠ್ ಇನ್ನೊಬ್ರನ್ನ ತರ್ತಿದ್ರು. ಅಂವ ಹೆದರ್ತಿರಲಿಲ್ಲ." ಟೋಪಿ ತೆಗೆದು ಮರಳು ಕೊಡವಿದರು. "ನನ್ನ ತಮ್ಮ ಹೆದರ್ತಿರಲಿಲ್ಲ ತಂಗಿ. ಭಟ್ಟಿ ಕಡೆ ಹೆದರೂ ಮಂದಿ ಇರಬೇಕು."

ಅಲ್ಲೇ ಮರಳಿನ ಮೇಲೆ ಕೂತು ಅತ್ತೆ. ಜರಡಿಯ ಹೆಂಗಸರು ನೋಡಿದರು. ನೋಡಲಿ ಬಿಡು.

ಅಕ್ಟೋಬರ್ 27, ಶುಕ್ರವಾರ

ನಿಯಮಾವಳಿಯ ಕಟ್ಟು ಬಿಚ್ಚಿಸಿ ಏಳನೆಯದನ್ನು ತೆಗೆಸಿದರು. ಹೊಸದನ್ನು ನಾನೂ ನಿಲೇಶನೂ ಸೇರಿ ಬರೆದೆವು. ಎಲೆ ಎಷ್ಟು ಸೆಕೆಂಡಿನಲ್ಲಿ ಹತ್ತಬೇಕು ಎಂದು ಅವನ ಪ್ರಶ್ನೆ. ಸರ್ಜೇರಾವ್, "ನೀ ಅದನ್ನ ಕೇಳೂದ್ರೊಳಗ ಹತ್ತಿರಬೇಕು," ಎಂದರು. ಅದನ್ನು ನಿಯಮದ ಭಾಷೆಯಲ್ಲಿ ಹೇಗೆ ಬರೆಯುವುದೆಂದು ಒಂದು ಗಂಟೆ ಕೂತೆವು. ಬಾಗಿಲು ತೆರೆದೇ ಇತ್ತು, ಹೋಗಿ ಬರುವವರೆಲ್ಲ ಇಣುಕಿ ಒಂದೊಂದು ಸಲಹೆ ಕೊಟ್ಟರು.

ಗೆರೆ ದಾಟಲು ಸರ್ಜೇರಾವ್‌ಗೆ ಅನುಮತಿ ಪತ್ರ ಬೇಕು ಎಂದರು ಶೇಠ್, ಮುಖ ಬಿಗಿದುಕೊಂಡೇ. ಸಹಿ ನಾನು ಹಾಕಿದೆ. ಅದರ ಎರಡು ಪುಟವನ್ನೂ ಸರ್ಜೇರಾವ್‌ಗೆ ಜೋರಾಗಿ ಓದಿ ಹೇಳಿದ ಮೇಲೆ. ಕಾಯಂ ಪತ್ರದ ವಿಷಯ ಕೇಳಬೇಕೆಂದು ಹೋಗಿದ್ದೆ, ಮರೆತುಬಂದೆ.

ಇವತ್ತು ಮೂರು ಸಲ ಸುರಿದರು. ಮೂರು ಸಲವೂ ಗೆರೆಯೊಳಗೆ ನಿಂತಿದ್ದೆ, ಮೂರು ಸಲವೂ ಹೆದರಿದೆ. ನಾಳೆ ಎಲೆ ತರುವ ಸರದಿ ನನ್ನದು.